ಮಂಗನ ಕಾಯಿಲೆ: ಲಸಿಕೆ ಬರುವವರೆಗೆ

ಮಳೆಗಾಲ ಮುಗಿದು ಕಾಡಿನ ದರಗು ಒಣಗತೊಡಗಿದರೆ ಸೊರಬ, ಶಿಕಾರಿಪುರಗಳ ಕಾಡಂಚಿನ ಮನೆಯವರು ಜ್ವರವನ್ನು ಹಗುರವಾಗಿ ಕಾಣುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಪತ್ತೆಯಾದ ರೋಗವೇ ಮಂಗನ ಕಾಯಿಲೆ. ಇದರ ವೈರಸ್ಸನ್ನು ಮನುಷ್ಯರಿಗೆ ದಾಟಿಸುವುದು ಸಾಸಿವೆ ಕಾಳಿನಷ್ಟು ಚಿಕ್ಕದಾದ ಎಳೆಯ ಉಣುಗು. ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡದು. ಆದರೆ ಇದಕ್ಕೆಂದೇ ಔಷಧಿ ಇಲ್ಲ. 100 ರೋಗಿಗಳಲ್ಲಿ 3ರಿಂದ 5 ಮಂದಿ ಸಾಯಬಹುದು.

‘ಲಸಿಕೆ ಇತ್ತಲ್ಲ?’ ಎಂದು ನೀವು ಕೇಳಬಹುದು. ಇತ್ತು. ಬೆಂಗಳೂರಿನ ಹೆಬ್ಬಾಳದ ಸರ್ಕಾರಿ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಅದನ್ನು ತಿಂಗಳ ಅಂತರದಲ್ಲಿ ಎರಡು ಸಲ, ಅನಂತರವೂ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ಬರಬರುತ್ತ ಅದರ ಸಾಮರ್ಥ್ಯ ಕುಗ್ಗಿ, 2022ರಲ್ಲಿ ಬಳಕೆ ನಿಂತಿತು. ಹಿಂದೆಂದೋ ಚುಚ್ಚಿಸಿಕೊಂಡ ಲಸಿಕೆಯನ್ನು ನಂಬಿ ಈಗ ಮೈಮರೆಯಬೇಡಿ.

ಹೊಸ ಲಸಿಕೆ ಯಾಕೆ ತಡ? ಪ್ರಯೋಗಾಲಯ ಒಂದಿಷ್ಟು ಲಸಿಕೆ ಮಾಡಿ ತೋರಿಸಬಲ್ಲದು. ಪ್ರತಿ ಸೀಸೆಯೂ ಒಂದೇ ಗುಣದ್ದಾಗಿ, ವರ್ಷವರ್ಷವೂ ಸಕಾಲಕ್ಕೆ ಒದಗಬೇಕಾದರೆ ಕಾರ್ಖಾನೆ ಬೇಕು. ಕಾರ್ಖಾನೆಗೋ, ಇಂಥ ಅಪಾಯಕಾರಿ ವೈರಸ್ಸನ್ನು ಬೆಳೆಸಿ ಪರೀಕ್ಷಿಸುವ ಸುಭದ್ರ ಪ್ರಯೋಗಾಲಯ ಸುಲಭಕ್ಕೆ ಸಿಗದು. ಕಾಡಂಚಿನ ಕೆಲವೇ ಜಿಲ್ಲೆಗಳ ರೋಗಕ್ಕೆ ಲಸಿಕೆ ಮಾಡಿದರೆ ಲಾಭವೂ ಕಡಿಮೆ. ಇಬ್ಬರೂ ಕೈಜೋಡಿಸದೆ ದಾರಿಯಿಲ್ಲ. ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅದರ ಪುಣೆಯ ವೈರಾಣು ಸಂಸ್ಥೆ ಹಾಗೂ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕಂಪನಿ ಸೇರಿ ಹೊಸ ಲಸಿಕೆಗೆ ಕೈಹಾಕಿವೆ. ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ಅದು ಸುರಕ್ಷಿತ, ಪರಿಣಾಮಕಾರಿ ಎಂದು ಸಾಬೀತಾದ ಮೇಲಷ್ಟೇ ನಿಮ್ಮೂರಿನ ಆಸ್ಪತ್ರೆಗೆ ಬರಬೇಕು. ಇಲ್ಲಿ ಅವಸರ ಸಲ್ಲದು.

ಇಂಥದೇ ಕೂಡುಕೆಲಸದ ಫಲವೊಂದು ಈಗಾಗಲೇ ನಿಮ್ಮ ಕೈಗೆಟಕಿದೆ. ಅದೇ ಡೆಪಾ ತೈಲ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯ ರೂಪಿಸಿದ ಇದನ್ನು ಆರೋಗ್ಯ ಇಲಾಖೆ ಹಳ್ಳಿಗಳಲ್ಲಿ ಹಂಚುತ್ತದೆ.

ಲಸಿಕೆ ಬರುವವರೆಗೆ ನೀವು ಮಾಡಬೇಕಾದುದಿಷ್ಟು:

* ಸೊಪ್ಪು, ದರಗು, ಸೌದೆಗೆ ಹೋಗುವ ಮುನ್ನ ಕೈಕಾಲುಗಳಿಗೆ ತೈಲ ಹಚ್ಚಿ, ಮೈತುಂಬ ಬಟ್ಟೆ ತೊಡಿ. ದರಗಿನ ಮೇಲೆ ಕೂರಬೇಡಿ.

* ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಸ್ನಾನ ಮಾಡಿ, ಮೈಮೇಲೆ ಉಣುಗು ಇದೆಯೇ ನೋಡಿ.

* ಸತ್ತ ಮಂಗವನ್ನು ಮುಟ್ಟಬೇಡಿ. ಪಂಚಾಯಿತಿಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಆ ಜಾಗದ ದರಗನ್ನು ಕೊಟ್ಟಿಗೆಗೆ ತರಬೇಡಿ.

* ಹಠಾತ್ ಜ್ವರ, ವಿಪರೀತ ತಲೆನೋವು, ಸೊಂಟ ಹಾಗೂ ಮಾಂಸಖಂಡಗಳ ನೋವು ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ರಕ್ತಸ್ರಾವದ ಅಪಾಯವಿರುವುದರಿಂದ ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ.

ಜ್ವರ ಇಳಿದು ಒಂದೆರಡು ವಾರಗಳಲ್ಲಿ ಮತ್ತೆ ಬಂದರೆ, ಅದರ ಜೊತೆ ಮಂಪರು, ನಡುಕ ಕಾಣಿಸಿದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸಕಾಲದ ಆರೈಕೆಯಿಂದ ಹೆಚ್ಚಿನವರು ಗುಣಮುಖರಾಗುತ್ತಾರೆ.