ಗೋಡೆ ಪತ್ರಿಕೆಯಿಂದ ತೆಗೆದ ಒಂದು ಬರಹ

ನಮ್ಮ ಶಾಲೆಯ ಪಡಸಾಲೆಯಲ್ಲಿ, ಗಂಟೆ ತೂಗುಹಾಕಿರುವ ಕಂಬದ ಪಕ್ಕದಲ್ಲಿ, ಒಂದು ಗೋಡೆ ಪತ್ರಿಕೆ ಇರುವುದನ್ನು ಎಲ್ಲರೂ ಬಲ್ಲರು. ಅದರಲ್ಲಿ ಏನನ್ನು ಅಂಟಿಸಬೇಕು, ಏನನ್ನು ಬಿಡಬೇಕು ಎಂದು ನಿರ್ಧರಿಸುವ ಹೊಣೆ ನಮ್ಮದು. ಈ ವರ್ಷ ಮಳೆಗಾಲದಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬ ತಾನೇ ಒಂದು ಬರಹವನ್ನು ಅಂಟಿಸಿದ್ದ. "ಕದ್ದ ಸಿನಿಮಾ ನೋಡಿದರೆ ತಪ್ಪೇನು?" ಎಂಬುದು ಅದರ ತಲೆಬರಹ. ಹೊಸ ಕನ್ನಡ ಚಿತ್ರ ಆದೋನಿಯ ಟಾಕೀಸಿಗೆ ಬರುವುದು ಅಪರೂಪ, ಬಳ್ಳಾರಿಗೆ ಹೋಗಿ ನೋಡೋಣವೆಂದರೆ ಬಸ್ ಚಾರ್ಜು ಟಿಕೆಟ್ಟಿನ ಬೆಲೆಯನ್ನು ಮೀರುತ್ತದೆ, ಆದ್ದರಿಂದ ಫೋನಿಗೆ ಬಂದ ಕಳ್ಳಪ್ರತಿಯನ್ನು ನೋಡುತ್ತೇವೆ ಎಂಬುದು ಅವನ ವಾದ. ಕೊನೆಯ ಸಾಲಿನಲ್ಲಿ ಆ ಪ್ರತಿ ಎಲ್ಲಿ ಸಿಗುತ್ತದೆಂಬ ವಿಳಾಸವನ್ನೂ ಕೊಟ್ಟಿದ್ದ. ನಾವು ಹಿಂದುಮುಂದು ನೋಡದೆ ಇಡೀ ಹಾಳೆಯನ್ನು ಕಿತ್ತೆವು.

ಮರುದಿನ ಅವನು ಬಂದು, "ಸಾರ್, ನಾನು ಕದ್ದೆನೆಂದು ಕಿತ್ತಿರೋ, ಮಾತಾಡಿದೆನೆಂದು ಕಿತ್ತಿರೋ?" ಎಂದು ಕೇಳಿದ. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಹುಡುಕುತ್ತ ನಾವು ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತೇವೆ.

ಮೊದಲು ಕದಿಯುವ ಮಾತು. ಪುಸ್ತಕ, ಹಾಡು, ಚಲನಚಿತ್ರ ಇವುಗಳ ಮೇಲೆ ಅವುಗಳ ಒಡೆಯನಿಗಿರುವ ಹಕ್ಕಿಗೆ ಕೃತಿಸ್ವಾಮ್ಯ, ಅಂದರೆ ಕಾಪಿರೈಟ್ ಎನ್ನುತ್ತಾರೆ. ನಮ್ಮ ದೇಶದ ಕಾನೂನು 1957ರದು. ಲೇಖಕನ ಮರಣದ ನಂತರ 60 ವರ್ಷಗಳವರೆಗೆ ಈ ಹಕ್ಕು ಅವನ ವಾರಸುದಾರರಿಗೆ ಉಳಿಯುತ್ತದೆ. ಟಿ. ಪಿ. ಕೈಲಾಸಂ ತೀರಿಕೊಂಡದ್ದು 1946ರಲ್ಲಿ. ಆದಕಾರಣ ಅವರು ಬದುಕಿದ್ದಾಗ ಪ್ರಕಟವಾದ ನಾಟಕಗಳು ಈಗ ಎಲ್ಲರ ಸೊತ್ತು. ಬೇಂದ್ರೆಯವರು ತೀರಿಕೊಂಡದ್ದು 1981ರಲ್ಲಿ. ಅವರ ಕವನಗಳು ಹಾಗಾಗಲು 2041 ಮುಗಿಯಬೇಕು. ಚಲನಚಿತ್ರದ ವಿಷಯದಲ್ಲಿ ಕಾನೂನು ಇನ್ನೂ ಬಿಗಿಯಾಗಿದೆ. 2023ರ ತಿದ್ದುಪಡಿಯಂತೆ, ಟಾಕೀಸಿನಲ್ಲಿ ಕುಳಿತು ಅಪ್ಪಣೆಯಿಲ್ಲದೆ ಚಿತ್ರವನ್ನು ಮುದ್ರಿಸಿಕೊಂಡವನಿಗೆ ಮೂರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಸೆರೆ, ಮೂರು ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ ಕಾದಿರುತ್ತದೆ.

ಆದರೆ ನಕಲೆಲ್ಲವೂ ಕಳ್ಳತನವೆಂದು ತಿಳಿಯಬಾರದು. ನಮ್ಮಂಥ ಗಡಿನಾಡಿನ ಶಾಲೆಯವರು ಇದನ್ನು ಚೆನ್ನಾಗಿ ಅರಿತಿರಬೇಕು. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದ ಮೇಲೆ ಇಲ್ಲಿ ಕನ್ನಡ ಪುಸ್ತಕ ಸಿಗುವುದೇ ಕಷ್ಟ. ಒಂದು ಪ್ರತಿ ಕೈಗೆ ಬಂದರೆ ಜೆರಾಕ್ಸ್ ಅಂಗಡಿಗೆ ಓಡುವುದು ನಮಗೆ ರೂಢಿ. ಪಾಠದ ಸಂದರ್ಭದಲ್ಲಿ ಉಪಾಧ್ಯಾಯನಾಗಲಿ ವಿದ್ಯಾರ್ಥಿಯಾಗಲಿ ಪ್ರತಿ ಮಾಡಿಕೊಳ್ಳಲು ಅದೇ ಕಾನೂನಿನ 52ನೆಯ ಕಲಮು ಅವಕಾಶ ಕೊಟ್ಟಿದೆ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿದ್ದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ಪ್ರಕಾಶನ ಸಂಸ್ಥೆಗಳು 2012ರಲ್ಲಿ ದಾವೆ ಹೂಡಿದ್ದವು. ಪಾಠಕ್ಕೆ ಅಗತ್ಯವಾದ ಭಾಗಗಳನ್ನು ಪ್ರತಿ ಮಾಡುವುದು ತಪ್ಪಲ್ಲವೆಂಬ ನಿಲುವನ್ನು ಅಲ್ಲಿನ ಹೈಕೋರ್ಟು 2016ರಲ್ಲಿ ತಳೆಯಿತು. ಮರುವರ್ಷ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು. (ಇದನ್ನು ಓದಿ ಇಡೀ ಗೈಡನ್ನೇ ನಕಲು ಮಾಡಿಸಿ ಗೆಳೆಯರಿಗೆ ಮಾರಲು ಹೊರಡಬೇಡಿ. ಅದು ಬೇರೆ ಮಾತು.)

ನಮ್ಮ ಶಿವರಾಮ ಕಾರಂತರ ಯಕ್ಷಗಾನ ಬ್ಯಾಲೆಗಳ ಕತೆಯೂ ಇದೇ. ಕಾರಂತರು 1997ರಲ್ಲಿ ತೀರಿಕೊಂಡರು. 2001ರಲ್ಲಿ ಮಣಿಪಾಲದ ಸಂಸ್ಥೆಯೊಂದು ದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಆಡಿಸಿದಾಗ, ಕಾರಂತರ ಉಯಿಲಿನಂತೆ ಹಕ್ಕು ಪಡೆದಿದ್ದವರು ನ್ಯಾಯಾಲಯಕ್ಕೆ ಹೋದರು. ಸುಪ್ರೀಂ ಕೋರ್ಟು 2009ರಲ್ಲಿ ಅವರ ಹಕ್ಕನ್ನು ಎತ್ತಿಹಿಡಿಯಿತು. ಆದರೂ, ವಿದ್ಯಾಸಂಸ್ಥೆಯ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಆಡಿ, ಶಾಲೆಯವರು ಮತ್ತು ಪಾಲಕರಷ್ಟೇ ನೋಡುವ ಪ್ರದರ್ಶನಕ್ಕೆ ಕಾನೂನು ಕೊಟ್ಟಿರುವ ವಿನಾಯಿತಿ ಇದ್ದೇ ಇದೆಯೆಂದು ಸ್ಪಷ್ಟಪಡಿಸಿತು. ನಮ್ಮ ವಾರ್ಷಿಕೋತ್ಸವದ ನಾಟಕಗಳಿಗೆ ಆಸರೆ ಆ ವಿನಾಯಿತಿಯೇ.

ಇನ್ನು ಮಾತಾಡುವ ಮಾತು. ಸಂವಿಧಾನದ 19ನೆಯ ಅನುಚ್ಛೇದ ನಮಗೆ ವಾಕ್ ಸ್ವಾತಂತ್ರ್ಯವನ್ನು ಕೊಟ್ಟಿದೆ. ಅದಕ್ಕೆ ಹಾಕಬಹುದಾದ ಕಟ್ಟುಗಳನ್ನೂ ಅಲ್ಲಿಯೇ ಎಣಿಸಿ ಹೇಳಿದೆ. ಅಪರಾಧಕ್ಕೆ ಪ್ರಚೋದನೆ ಅವುಗಳಲ್ಲೊಂದು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಇಬ್ಬರು ಯುವತಿಯರನ್ನು, ಫೇಸ್‌ಬುಕ್ಕಿನಲ್ಲಿ ಅಭಿಪ್ರಾಯ ಹೇಳಿದ್ದಕ್ಕೊಬ್ಬಳನ್ನು, ಅದನ್ನು ಮೆಚ್ಚಿದ್ದಕ್ಕೊಬ್ಬಳನ್ನು, ಪೊಲೀಸರು ಬಂಧಿಸಿದರು. ಶ್ರೇಯಾ ಸಿಂಘಲ್ ಎಂಬ ಯುವತಿ ಸುಪ್ರೀಂ ಕೋರ್ಟಿಗೆ ಹೋದಳು. 2015ರ ಮಾರ್ಚ್ 24ರಂದು ನ್ಯಾಯಾಲಯ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮನ್ನು ರದ್ದುಮಾಡಿತು. ಆ ತೀರ್ಪಿನಲ್ಲಿ ಮೂರು ಮೆಟ್ಟಿಲುಗಳನ್ನು ಕಾಣಬಹುದು: ಒಂದು ವಿಷಯವನ್ನು ಚರ್ಚಿಸುವುದು, ಅದರ ಪರವಾಗಿ ವಾದಿಸುವುದು, ಅದನ್ನು ಮಾಡೆಂದು ಪ್ರಚೋದಿಸುವುದು. ಮೊದಲಿನ ಎರಡು, ಕೇಳುವವರಿಗೆ ಎಷ್ಟೇ ಕಹಿಯಾಗಿರಲಿ, ಸ್ವಾತಂತ್ರ್ಯದ ಒಳಗೇ ಇವೆ. ಮೂರನೆಯ ಮೆಟ್ಟಿಲಿನಲ್ಲಿ ಮಾತ್ರ ತಡೆಯಬಹುದು.

ನಮ್ಮ ಊರಿನ ಮಾತಿನಲ್ಲಿ ಹೇಳುವುದಾದರೆ, ಹತ್ತಿಗೆ ನೀರು ಚಿಮುಕಿಸಿ ತೂಕ ಹೆಚ್ಚಿಸುವವರ ವಿಚಾರವನ್ನು ಮಾರುಕಟ್ಟೆಯಲ್ಲಿ ಆಡಿದವನು ಮೋಸಗಾರನಲ್ಲ. "ಬಡ ರೈತ ಇನ್ನೇನು ಮಾಡಿಯಾನು?" ಎಂದು ಅವರ ಪರ ವಹಿಸಿದವನೂ ಅಲ್ಲ. ಕೊಡ ತಂದು ಕೈಗಿತ್ತವನ ಮಾತು ಬೇರೆ.

ಈ ಅಳತೆಯಿಂದ ಆ ಹಾಳೆಯನ್ನು ಮತ್ತೆ ಓದಿದಾಗ, ನಮ್ಮ ತಪ್ಪು ನಮಗೆ ಕಂಡಿತು. ತಲೆಬರಹವೂ ಬಸ್ ಚಾರ್ಜಿನ ಲೆಕ್ಕವೂ ಚರ್ಚೆ ಮತ್ತು ವಾದ. ವಿಳಾಸ ಕೊಟ್ಟ ಕೊನೆಯ ಸಾಲು ಮಾತ್ರ ಕೈಗಿತ್ತ ಕೊಡ. ಒಂದು ಸಾಲಿಗಾಗಿ ಇಪ್ಪತ್ತು ಸಾಲುಗಳ ಬಾಯಿ ಕಟ್ಟಿದ್ದೆವು. ಉಪಾಧ್ಯಾಯರಾದ ನಮಗೆ ಇದು ಹೊಸ ರೋಗವೇನೂ ಅಲ್ಲ. ಗದ್ದಲವಾದೀತೆಂಬ ಭಯಕ್ಕೆ ಶಿಸ್ತೆಂದು ಹೆಸರಿಡುವುದು ಸುಲಭ.

ಅವನನ್ನು ಕರೆದು ಹೀಗೆ ಹೇಳಿದೆವು. ಕೊನೆಯ ಸಾಲನ್ನು ಅವನೇ ಕತ್ತರಿಸಿದ. ಉಳಿದದ್ದು ಮತ್ತೆ ಗೋಡೆಗೇರಿತು. ಪಕ್ಕದಲ್ಲಿ, ಒಂದು ಸಾಲನ್ನು ಯಾರು, ಯಾವ ಕಾರಣಕ್ಕೆ ತೆಗೆಸಿದರೆಂದು ಒಂದು ಚೀಟಿಯಲ್ಲಿ ಬರೆದು ನಾವು ಸಹಿ ಹಾಕಿದೆವು. ಅಂದಿನಿಂದ ಯಾವ ಬರಹವನ್ನು ತೆಗೆದರೂ ಅಂಥ ಚೀಟಿ ಇರಬೇಕೆಂದು ಗೊತ್ತುಮಾಡಿದ್ದೇವೆ.

ನಾಲ್ಕು ದಿನಗಳಲ್ಲಿ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದರ ಕೆಳಗೆ ಉತ್ತರ ಅಂಟಿಸಿದಳು. ಅವಳ ಸೋದರಮಾವ ಒಂದು ಟಾಕೀಸಿನ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸದಲ್ಲಿದ್ದವನು. ಟಾಕೀಸು ಮುಚ್ಚಿದ ಮೇಲೆ ಹತ್ತಿ ಜಿನ್ನಿನಲ್ಲಿ ಕೂಲಿಗೆ ಹೋಗುತ್ತಾನಂತೆ. "ಅಣ್ಣಾ, ನಿನ್ನ ಬಸ್ ಚಾರ್ಜಿನ ಲೆಕ್ಕದಲ್ಲಿ ನಮ್ಮ ಮಾವನ ಸಂಬಳ ಎಲ್ಲಿ?" ಎಂದು ಕೇಳಿದ್ದಳು. ಹುಡುಗ ಇನ್ನೂ ಉತ್ತರ ಬರೆದಿಲ್ಲ. ಬರೆಯುತ್ತಿದ್ದೇನೆ ಎನ್ನುತ್ತಾನೆ.