ಪೆನಿಸಿಲಿನ್ನಿನ ಮಾತ್ರಾವಿಚಾರ: ಒಂದು ಐತಿಹಾಸಿಕ ಸಮೀಕ್ಷೆ

ಮಾತ್ರೆಯೆಂಬ ಶಬ್ದವು ಕನ್ನಡದಲ್ಲಿ ಮೂರು ಅರ್ಥಗಳಲ್ಲಿ ಬಳಕೆಯಾಗುತ್ತದೆ. ಛಂದಸ್ಸಿನಲ್ಲಿ ಅದು ಕಾಲದ ಅಳತೆ. ವೈದ್ಯಶಾಸ್ತ್ರದಲ್ಲಿ ಔಷಧದ ಪ್ರಮಾಣ. ಜನರ ಮಾತಿನಲ್ಲಿ ನುಂಗುವ ಗುಳಿಗೆ. ವ್ಯವಹಾರದಲ್ಲಿ ಮೂರನೆಯ ಅರ್ಥವೇ ಮುಂದಾಗಿ ಮೊದಲಿನ ಎರಡೂ ಹಿಂದೆ ಸರಿದಿವೆ. ಬ್ಯಾಕ್ಟೀರಿಯಗಳಿಂದುಂಟಾಗುವ ರೋಗಗಳಿಗೆ ಕೊಡುವ ಪ್ರತಿಜೀವಕ ಔಷಧಗಳ ವಿಷಯದಲ್ಲಿ ಈ ಮರೆವು ಅಪಾಯಕರವಾದುದು. ಏಕೆಂದರೆ ಇಂಥ ಔಷಧವು ಎಷ್ಟು ತೂಕದಲ್ಲಿ ದೇಹವನ್ನು ಸೇರಿತೆಂಬುದರಷ್ಟೇ, ಎಷ್ಟು ಹೊತ್ತು ಅಲ್ಲಿ ನಿಂತಿತೆಂಬುದೂ ಮುಖ್ಯ. ಈ ಔಷಧಗಳಲ್ಲಿ ಹಿರಿಯದಾದ ಪೆನಿಸಿಲಿನ್ನಿನ ಚರಿತ್ರೆಯಿಂದ ಇದನ್ನು ವಿಶದಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ. ವೈದ್ಯವು ಈ ಲೇಖಕನ ಕ್ಷೇತ್ರವಲ್ಲ. ಆದರೆ ಒಂದು ಔಷಧದ ಪ್ರಮಾಣವು ಯಾವ ಅನುಭವಗಳಿಂದ ನಿಶ್ಚಯವಾಯಿತೆಂಬುದು ಇತಿಹಾಸದ ಪ್ರಶ್ನೆಯೇ ಆಗಿದೆ.

೧

ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು ೧೯೨೮ರಲ್ಲಿ ಒಂದು ಬಗೆಯ ಬೂಷ್ಟಿನ ಸುತ್ತ ಬ್ಯಾಕ್ಟೀರಿಯಗಳು ಬೆಳೆಯದಿರುವುದನ್ನು ಕಂಡದ್ದು ಸುಪರಿಚಿತ ಸಂಗತಿ. ಆ ಬೂಷ್ಟಿನ ಸಾರವನ್ನು ಔಷಧವಾಗಿ ಮಾರ್ಪಡಿಸಿದವರು ಆಕ್ಸ್‌ಫರ್ಡಿನ ಹೊವರ್ಡ್ ಫ್ಲೋರಿ, ಅರ್ನ್‌ಸ್ಟ್ ಚೇನ್, ನಾರ್ಮನ್ ಹೀಟ್ಲಿ ಮತ್ತು ಅವರ ಸಹೋದ್ಯೋಗಿಗಳು. ೧೯೪೦ರ ಮೇ ೨೫ರಂದು ಅವರು ಎಂಟು ಇಲಿಗಳಿಗೆ ಮಾರಕವಾದ ಸ್ಟ್ರೆಪ್ಟೊಕಾಕಸ್ ಜೀವಿಗಳನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಮರುದಿನ ಬೆಳಗಾಗುವಷ್ಟರಲ್ಲಿ ಔಷಧವಿಲ್ಲದ ನಾಲ್ಕು ಇಲಿಗಳೂ ಸತ್ತಿದ್ದವು. ಔಷಧ ಪಡೆದ ನಾಲ್ಕೂ ಬದುಕಿದ್ದವು. ಔಷಧವನ್ನು ಕೆಲವಕ್ಕೆ ಒಮ್ಮೆಗೇ, ಕೆಲವಕ್ಕೆ ಗಂಟೆಗಳ ಅಂತರವಿಟ್ಟು ಹಲವು ಸಲ ಕೊಡಲಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಕಾಲದ ಪ್ರಶ್ನೆಯು ಮೊದಲ ಪ್ರಯೋಗದಲ್ಲಿಯೇ ತಲೆಯೆತ್ತಿತ್ತು.

ಮನುಷ್ಯರಲ್ಲಿ ಅದಕ್ಕೆ ದೊರೆತ ಉತ್ತರವು ದುಃಖಕರವಾದುದು. ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನು ಮುಖದ ಗಾಯವು ಕೀವಾಗಿ, ವಿಷವು ರಕ್ತಕ್ಕೇರಿ, ಒಂದು ಕಣ್ಣನ್ನು ಕಳೆದುಕೊಂಡು ಆಕ್ಸ್‌ಫರ್ಡಿನ ರ‍್ಯಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಮರಣೋನ್ಮುಖನಾಗಿದ್ದನು. ಗುಲಾಬಿಯ ಮುಳ್ಳು ಗೀರಿದ್ದೇ ಗಾಯಕ್ಕೆ ಕಾರಣವೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ವಾಯುದಾಳಿಯಲ್ಲಿ ಗಾಯವಾಯಿತೆಂದು ಅವನ ಮನೆಯವರು ಮುಂದೆ ತಿಳಿಸಿದ್ದಾರೆ. ೧೯೪೧ರ ಫೆಬ್ರವರಿ ೧೨ರಂದು ಅವನಿಗೆ ಮೊದಲು ೨೦೦ ಮಿಲಿಗ್ರಾಂ, ಅನಂತರ ಮೂರು ಗಂಟೆಗೊಮ್ಮೆ ೧೦೦ ಮಿಲಿಗ್ರಾಂ ಔಷಧವನ್ನು ಚುಚ್ಚಲಾಯಿತು. ಒಂದು ದಿನದಲ್ಲಿಯೇ ಗುಣ ಕಂಡಿತು, ಜ್ವರ ಇಳಿಯಿತು, ಹಸಿವು ಮರಳಿತು. ಆದರೆ ಪೆನಿಸಿಲಿನ್ ಎಷ್ಟು ವಿರಳವಾಗಿತ್ತೆಂದರೆ, ರೋಗಿಯ ಮೂತ್ರವನ್ನು ಸಂಗ್ರಹಿಸಿ ಅದರಲ್ಲಿದ್ದ ಔಷಧವನ್ನು ಬೇರ್ಪಡಿಸಿ ಪುನಃ ಅವನಿಗೇ ಕೊಡಬೇಕಾಯಿತು. ಐದು ದಿನಗಳಲ್ಲಿ ದಾಸ್ತಾನು ಮುಗಿಯಿತು. ರೋಗವು ಮರುಕಳಿಸಿ ಮಾರ್ಚ್ ೧೫ರಂದು ಅವನು ತೀರಿಕೊಂಡನು.

ಈ ಮರಣಕ್ಕೆ ಔಷಧದ ದೌರ್ಬಲ್ಯವು ಕಾರಣವಲ್ಲ. ಔಷಧವು ಸರಿಯಾಗಿತ್ತು, ಅದನ್ನು ಕೊಟ್ಟ ಅವಧಿಯು ಸಾಲಲಿಲ್ಲ. ಮುಂದಿನ ಪರೀಕ್ಷೆಗಳಿಗೆ ಆಕ್ಸ್‌ಫರ್ಡಿನವರು ಮಕ್ಕಳನ್ನು ಹೆಚ್ಚಾಗಿ ಆರಿಸಿಕೊಂಡುದಕ್ಕೆ ಅವರ ಚಿಕ್ಕ ದೇಹಗಳಿಗೆ ಕಡಮೆ ಔಷಧ ಸಾಕೆಂಬುದೇ ಕಾರಣವಾಗಿತ್ತು.

೨

ಅಂದಿನ ಮಿಲಿಗ್ರಾಮಿಗೂ ಇಂದಿನ ಮಿಲಿಗ್ರಾಮಿಗೂ ಹೋಲಿಕೆ ಸಲ್ಲದು. ಮೊದಲ ರೋಗಿಗೆ ಕೊಟ್ಟ ಪುಡಿಯಲ್ಲಿ ಶುದ್ಧ ಪೆನಿಸಿಲಿನ್ನಿನ ಅಂಶವು ನೂರಕ್ಕೆ ಕೆಲವೇ ಪಾಲಿನಷ್ಟಿತ್ತು. ತೂಕವು ವಿಶ್ವಾಸಾರ್ಹವಲ್ಲದ ಕಾರಣ, ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುವ ಸಾಮರ್ಥ್ಯವನ್ನೇ ಅಳತೆಯಾಗಿ ಇಟ್ಟುಕೊಂಡು ಹೀಟ್ಲಿಯು ಆಕ್ಸ್‌ಫರ್ಡ್ ಯೂನಿಟ್ಟನ್ನು ರೂಪಿಸಿದನು. ೧೯೪೪ರಲ್ಲಿ ಅಂತರರಾಷ್ಟ್ರೀಯ ಯೂನಿಟ್ ನಿಶ್ಚಯವಾಯಿತು. ಅದರಂತೆ ಒಂದು ಯೂನಿಟ್ ಎಂದರೆ ಶುದ್ಧ ಪೆನಿಸಿಲಿನ್-ಜಿ ಲವಣದ ೦.೬ ಮೈಕ್ರೋಗ್ರಾಂ, ಹತ್ತು ಲಕ್ಷ ಯೂನಿಟ್ಟುಗಳೆಂದರೆ ೬೦೦ ಮಿಲಿಗ್ರಾಂ. ಇಂದಿಗೂ ಚುಚ್ಚುಮದ್ದಿನ ಸೀಸೆಗಳ ಮೇಲೆ ಲಕ್ಷಗಳ ಲೆಕ್ಕವಿರುವುದು ಆ ಕಾಲದ ಕುರುಹು.

ಪೆನಿಸಿಲಿನ್ ಕೆಲಸಮಾಡುವ ರೀತಿಯನ್ನು ತಿಳಿದರೆ ಕಾಲದ ಮಹತ್ವವು ಸ್ಪಷ್ಟವಾಗುತ್ತದೆ. ಬ್ಯಾಕ್ಟೀರಿಯಗಳು ವೃದ್ಧಿಹೊಂದುವಾಗ ತಮ್ಮ ಸುತ್ತ ಗಟ್ಟಿಯಾದ ಕೋಶಭಿತ್ತಿಯನ್ನು ಕಟ್ಟಿಕೊಳ್ಳುತ್ತವೆ. ಈ ಔಷಧವು ಆ ನಿರ್ಮಾಣವನ್ನು ಕೆಡಿಸುತ್ತದೆ. ಗೋಡೆ ಸಡಿಲಗೊಂಡ ಜೀವಿಯು ಒಡೆದು ಸಾಯುತ್ತದೆ. ಮಾನವನ ಜೀವಕೋಶಗಳಿಗೆ ಅಂಥ ಗೋಡೆಯಿಲ್ಲದ ಕಾರಣ ಔಷಧವು ನಮಗೆ ಬಹುಮಟ್ಟಿಗೆ ನಿರಪಾಯಕರ. ಆದರೆ ಗೋಡೆ ಕಟ್ಟುವ ಕೆಲಸವು ನಡೆದಿರುವಷ್ಟು ಹೊತ್ತೂ ಔಷಧವು ರಕ್ತದಲ್ಲಿರಬೇಕು. ಒಂದು ಮಟ್ಟವನ್ನು ಮೀರಿದ ಮೇಲೆ ಪ್ರಮಾಣವನ್ನು ಹೆಚ್ಚಿಸುವುದರಿಂದ ಪ್ರಯೋಜನ ಅಲ್ಪ. ಆ ಮಟ್ಟವು ಎಷ್ಟು ಹೊತ್ತು ಉಳಿಯಿತೆಂಬುದೇ ನಿರ್ಣಾಯಕ. ಅಮೆರಿಕದ ಹ್ಯಾರಿ ಈಗಲ್ ೧೯೫೦ರ ಸುಮಾರಿಗೆ ಪ್ರಯೋಗಗಳಿಂದ ಇದನ್ನು ಸ್ಥಾಪಿಸಿದನು.

ಇದಕ್ಕೆ ಅಡ್ಡಿಯಾಗಿದ್ದುದು ನಮ್ಮ ಮೂತ್ರಪಿಂಡಗಳೇ. ಅವು ಪೆನಿಸಿಲಿನ್ನನ್ನು ಅತಿ ಶೀಘ್ರವಾಗಿ ಹೊರಹಾಕುತ್ತವೆ. ಆರೋಗ್ಯವಂತನ ರಕ್ತದಲ್ಲಿ ಅದರ ಅರ್ಧಾಂಶವು ಸುಮಾರು ಅರ್ಧಗಂಟೆಯಲ್ಲಿ ಕಳೆದುಹೋಗುತ್ತದೆ. ಹಾಗಾಗಿ ಹಗಲೂ ರಾತ್ರಿಯೂ ಕೆಲವು ಗಂಟೆಗೊಮ್ಮೆ ಸೂಜಿ ಚುಚ್ಚಬೇಕಾಗಿತ್ತು. ೧೯೪೪ರಲ್ಲಿ ಅಮೆರಿಕದ ಸೈನ್ಯವೈದ್ಯ ರೊಮಾನ್‌ಸ್ಕಿಯು ಔಷಧವನ್ನು ಕಡಲೆಕಾಯಿ ಎಣ್ಣೆ ಮತ್ತು ಜೇನುಮೇಣಗಳಲ್ಲಿ ಬೆರೆಸಿ, ಅದು ಮೆಲ್ಲಗೆ ರಕ್ತವನ್ನು ಸೇರುವಂತೆ ಮಾಡಿದನು. ತರುವಾಯ ಪ್ರೊಕೇನ್ ಪೆನಿಸಿಲಿನ್ ಬಂದು, ದಿನಕ್ಕೆ ಒಂದೆರಡು ಸಲ ಚುಚ್ಚಿದರೆ ಸಾಕಾಯಿತು. ೧೯೫೦ರ ದಶಕದ ಆರಂಭದಲ್ಲಿ ಬಂದ ಬೆಂಜಥೀನ್ ಪೆನಿಸಿಲಿನ್ ಮಾಂಸಖಂಡದಲ್ಲಿ ಉಳಿದು ಮೂರು ನಾಲ್ಕು ವಾರಗಳವರೆಗೆ ಅಲ್ಪಾಲ್ಪವಾಗಿ ಬಿಡುಗಡೆಯಾಗುತ್ತದೆ. ಅದೇ ದಶಕದಲ್ಲಿ ಜಠರದ ಆಮ್ಲಕ್ಕೆ ಕೆಡದ ಪೆನಿಸಿಲಿನ್-ವಿ ದೊರೆತು, ಬಾಯಿಯ ಮೂಲಕ ಕೊಡುವುದೂ ಸುಲಭವಾಯಿತು.

೩

ಯಾವ ರೋಗಕ್ಕೆ ಯಾವ ಪ್ರಮಾಣವೆಂಬುದು ಈ ಗುಣಭೇದಗಳನ್ನು ಅವಲಂಬಿಸಿದೆ. ಮುಂದಿನ ಅಂಕಿಗಳು ತತ್ತ್ವವನ್ನು ತಿಳಿಯಲು ಕೊಟ್ಟ ನಿದರ್ಶನಗಳು. ಚಿಕಿತ್ಸೆಯ ನಿರ್ದೇಶನವು ವೈದ್ಯರಿಂದಲೇ ಬರತಕ್ಕದ್ದು.

ಸ್ಟ್ರೆಪ್ಟೊಕಾಕಸ್‌ನಿಂದ ಬರುವ ಗಂಟಲುನೋವಿಗೆ ವಯಸ್ಕರಿಗೆ ಪೆನಿಸಿಲಿನ್-ವಿ ೫೦೦ ಮಿಲಿಗ್ರಾಂ ದಿನಕ್ಕೆ ಎರಡು ಮೂರು ಸಲ, ೧೦ ದಿನಗಳವರೆಗೆ ಕೊಡುವುದು ವಾಡಿಕೆ. ಇದಕ್ಕೆ ಬದಲಾಗಿ ಬೆಂಜಥೀನ್ ಪೆನಿಸಿಲಿನ್ನಿನ ೧೨ ಲಕ್ಷ ಯೂನಿಟ್ಟುಗಳ ಒಂದೇ ಚುಚ್ಚುಮದ್ದನ್ನು ಕೊಡಬಹುದು. ೨೭ ಕಿಲೋಗ್ರಾಮಿಗೆ ಕಡಮೆ ತೂಕದ ಮಕ್ಕಳಿಗೆ ಈ ಎರಡೂ ಪ್ರಮಾಣಗಳು ಅರ್ಧವಾಗುತ್ತವೆ. ಆರಂಭಾವಸ್ಥೆಯ ಸಿಫಿಲಿಸಿಗೆ ಬೆಂಜಥೀನ್ ೨೪ ಲಕ್ಷ ಯೂನಿಟ್ಟುಗಳು ಒಂದು ಸಲ ಸಾಕು. ಅದೇ ರೋಗವು ಮೆದುಳನ್ನು ಮುಟ್ಟಿದರೆ, ಬೆಂಜಥೀನ್ ಅಲ್ಲಿಗೆ ಬೇಕಾದಷ್ಟು ತಲಪದ ಕಾರಣ, ರಕ್ತನಾಳದ ಮೂಲಕ ದಿನವೊಂದಕ್ಕೆ ೧೮೦ರಿಂದ ೨೪೦ ಲಕ್ಷ ಯೂನಿಟ್ಟುಗಳಷ್ಟು ಪೆನಿಸಿಲಿನ್-ಜಿ ಕೊಡಬೇಕಾಗುತ್ತದೆ. ರೋಗಾಣು ಒಂದೇ ಆದರೂ ಅದು ನೆಲೆಸಿರುವ ಸ್ಥಳವು ಪ್ರಮಾಣವನ್ನು ಬದಲಿಸುತ್ತದೆ.

ಗಂಟಲುನೋವಿನ ಹತ್ತು ದಿನಗಳ ಮಾತನ್ನು ಇನ್ನಷ್ಟು ವಿವರಿಸಬೇಕು. ಎರಡು ಮೂರು ದಿನಗಳಲ್ಲಿ ನೋವು ಹೋಗುತ್ತದೆ. ಮಗು ಆಟಕ್ಕೆ ಓಡುತ್ತದೆ. ತಾಯಿ ಉಳಿದ ಗುಳಿಗೆಗಳನ್ನು ಎತ್ತಿಡುತ್ತಾಳೆ. ಆದರೆ ಸ್ಟ್ರೆಪ್ಟೊಕಾಕಸ್ ಗಂಟಲಿನಲ್ಲಿ ಉಳಿದರೆ, ಕೆಲವು ಮಕ್ಕಳಲ್ಲಿ ವಾರಗಳ ಅನಂತರ ಕೀಲುವಾತಜ್ವರವು ಕಾಣಿಸಿಕೊಂಡು ಹೃದಯದ ಕವಾಟಗಳನ್ನು ಶಾಶ್ವತವಾಗಿ ಕೆಡಿಸಬಹುದು. ಗಂಟಲಿನ ಸೋಂಕಿಗೆ ಪೆನಿಸಿಲಿನ್ ಕೊಟ್ಟು ಈ ಜ್ವರವನ್ನು ತಡೆಯಬಹುದೆಂಬುದು ಅಮೆರಿಕದ ವಾರೆನ್ ವಾಯುನೆಲೆಯ ಸೈನಿಕರ ಮೇಲಿನ ಅಧ್ಯಯನದಿಂದ ೧೯೫೦ರಲ್ಲಿ ಪ್ರಕಟವಾಯಿತು. ಒಮ್ಮೆ ಜ್ವರ ಬಂದವರಿಗೆ ಅದು ಮರುಕಳಿಸದಂತೆ ಮೂರು ನಾಲ್ಕು ವಾರಗಳಿಗೊಮ್ಮೆ ಬೆಂಜಥೀನ್ ಚುಚ್ಚುಮದ್ದನ್ನು ವರ್ಷಗಟ್ಟಲೆ ಕೊಡುತ್ತಾರೆ. ಭಾರತದಲ್ಲಿ ಈ ಹೃದ್ರೋಗವು ಇನ್ನೂ ಅಳಿದಿಲ್ಲ. ಒಂದು ತಿಂಗಳ ಚುಚ್ಚುಮದ್ದು ತಪ್ಪಿದರೆ ಹೊರಗೆ ಏನೂ ಕಾಣದು. ರಕ್ಷಣೆ ಮಾತ್ರ ಕಡಿದಿರುತ್ತದೆ.

ಎಲ್ಲ ಸೋಂಕುಗಳಿಗೂ ದೀರ್ಘಾವಧಿ ಬೇಕೆಂದು ಇದರಿಂದ ಭಾವಿಸಲಾಗದು. ಹಲವು ರೋಗಗಳಲ್ಲಿ ಹಿಂದಿಗಿಂತ ಕಡಮೆ ದಿನಗಳ ಚಿಕಿತ್ಸೆಯೇ ಸಾಕೆಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ಆದರೆ ಅವಧಿಯನ್ನು ನಿಶ್ಚಯಿಸತಕ್ಕವರು ವೈದ್ಯರು; ನೋವು ನಿಂತಿತೆಂಬುದು ಅದಕ್ಕೆ ಪ್ರಮಾಣವಾಗಲಾರದು.

೪

ನಿರಪಾಯಕರವೆಂದ ಮಾತಿಗೆ ಅಪವಾದಗಳುಂಟು. ಕೆಲವರ ದೇಹಕ್ಕೆ ಪೆನಿಸಿಲಿನ್ ಒಗ್ಗದು. ದದ್ದು, ತುರಿಕೆಗಳು ಸಾಮಾನ್ಯ. ವಿರಳವಾಗಿ ಉಸಿರು ಕಟ್ಟಿ, ರಕ್ತದ ಒತ್ತಡ ಕುಸಿದು, ಕೆಲವು ನಿಮಿಷಗಳಲ್ಲಿ ಪ್ರಾಣಾಪಾಯವಾಗಬಹುದು. ಇಂಥ ಪ್ರತಿಕ್ರಿಯೆಗೆ ಅಲ್ಪಪ್ರಮಾಣವೂ ಸಾಕು. ಆದ್ದರಿಂದ ಚುಚ್ಚುಮದ್ದನ್ನು ಅಡ್ರಿನಲಿನ್ ಸಿದ್ಧವಾಗಿರುವ ಸ್ಥಳದಲ್ಲಿಯೇ ತೆಗೆದುಕೊಳ್ಳಬೇಕು. ಇದಕ್ಕೆ ವಿರುದ್ಧವಾದ ಸಂಗತಿಯೂ ಇದೆ: ತಮಗೆ ಪೆನಿಸಿಲಿನ್ ಆಗದೆಂದು ನಂಬಿರುವವರನ್ನು ಪರೀಕ್ಷಿಸಿದಾಗ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ಅದು ಒಗ್ಗುತ್ತದೆಂದು ಕಂಡುಬಂದಿದೆ. ಮೂತ್ರಪಿಂಡಗಳು ದುರ್ಬಲವಾಗಿದ್ದವರಲ್ಲಿ ಔಷಧವು ಶೇಖರಗೊಂಡು, ಹೆಚ್ಚಿನ ಪ್ರಮಾಣದಲ್ಲಿ ಅಪಸ್ಮಾರದಂಥ ಸೆಳವನ್ನು ತರಬಹುದು. ಬೆಂಜಥೀನ್ ಮತ್ತು ಪ್ರೊಕೇನ್ ರೂಪಗಳನ್ನು ರಕ್ತನಾಳಕ್ಕೆ ಎಂದೂ ಚುಚ್ಚಕೂಡದು. ಅದರಿಂದ ಹೃದಯವು ನಿಂತುಹೋಗಬಹುದು.

ಇನ್ನೊಂದು ಅಪಾಯವು ವ್ಯಕ್ತಿಯನ್ನು ಮೀರಿ ಸಮಾಜಕ್ಕೆ ಸಂಬಂಧಿಸಿದುದು. ಮೊದಲ ರೋಗಿಗೆ ಸೂಜಿ ಚುಚ್ಚುವ ಮೊದಲೇ, ೧೯೪೦ರಲ್ಲಿ, ಪೆನಿಸಿಲಿನ್ನನ್ನು ನಾಶಮಾಡುವ ಕಿಣ್ವವೊಂದು ಬ್ಯಾಕ್ಟೀರಿಯದಲ್ಲಿರುವುದನ್ನು ಅಬ್ರಹಾಂ ಮತ್ತು ಚೇನ್ ವರದಿಮಾಡಿದ್ದರು. ಫ್ಲೆಮಿಂಗನು ೧೯೪೫ರ ಡಿಸೆಂಬರಿನಲ್ಲಿ ಮಾಡಿದ ನೊಬೆಲ್ ಉಪನ್ಯಾಸದಲ್ಲಿ, ಗಂಟಲುನೋವಿಗೆ ತಾನೇ ಔಷಧ ಕೊಂಡು ಸಾಲದಷ್ಟು ಸೇವಿಸಿದ ಒಬ್ಬ ಕಲ್ಪಿತ ವ್ಯಕ್ತಿಯನ್ನು ಉದಾಹರಿಸಿದನು. ಆ ಕಥೆಯಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳು ಅವನಿಂದ ಹೆಂಡತಿಗೆ ತಗಲಿ ಅವಳು ಸಾಯುತ್ತಾಳೆ. ‘ಅತಿಯಾದರೆ ಅಮೃತವೂ ವಿಷ’ವೆಂಬ ನಮ್ಮ ಗಾದೆಯು ಒಂದು ಕಡೆಯನ್ನು ಮಾತ್ರ ಹೇಳುತ್ತದೆ; ಇಲ್ಲಿ ಕೊರತೆಯೂ ವಿಷವಾಗುತ್ತದೆ. ಅಗತ್ಯವಿಲ್ಲದ ಬಳಕೆಯಂತೂ ಎಷ್ಟೇ ಪ್ರಮಾಣದಲ್ಲಿದ್ದರೂ ಹಾನಿಯೇ. ನೆಗಡಿ, ಫ್ಲೂ ಮೊದಲಾದವು ವೈರಸ್ಸಿನಿಂದ ಬರುವುದರಿಂದ ಪೆನಿಸಿಲಿನ್ ಅವುಗಳ ಮೇಲೆ ನಡೆಯದು. ದೇಹದಲ್ಲಿರುವ ಇತರ ಬ್ಯಾಕ್ಟೀರಿಯಗಳಿಗೆ ಮಾತ್ರ ಪ್ರತಿರೋಧವನ್ನು ಕಲಿಸುತ್ತದೆ. ಸ್ಟ್ರೆಪ್ಟೊಕಾಕಸ್ಸಿನ ಈ ಗುಂಪು ಇಂದಿಗೂ ಪೆನಿಸಿಲಿನ್ನಿಗೆ ಮಣಿಯುತ್ತಿರುವುದು ನಮ್ಮ ಭಾಗ್ಯ. ಕೀವು ತರುವ ಸ್ಟ್ಯಾಫಿಲೊಕಾಕಸ್ಸುಗಳಲ್ಲಿ ಬಹುಪಾಲು ಅದನ್ನು ಮೀರಿ ಬಹುಕಾಲವಾಯಿತು.

೫

ಔಷಧದ ಅಭಾವವೇ ಮೊದಲ ರೋಗಿಯ ಮರಣಕ್ಕೆ ಕಾರಣವಾಗಿತ್ತು. ನಮ್ಮ ದೇಶದಲ್ಲಿ ಆ ಅಭಾವವನ್ನು ನೀಗಲು ೧೯೫೪ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವಿನಿಂದ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸ್ಥಾಪನೆಯಾಯಿತು. ಅದರ ಸಹಭಾಗಿತ್ವದಲ್ಲಿ ೧೯೮೧ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯೂಟಿಕಲ್ಸ್ ಹುಟ್ಟಿತು. ಪ್ರತಿಜೀವಕಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂಬ ನಿಯಮವಿದೆ. ೨೦೧೪ರ ಮಾರ್ಚಿಯಿಂದ ಜಾರಿಗೆ ಬಂದ ಎಚ್-೧ ಅನುಸೂಚಿಯು ಕೆಲವು ಪ್ರಬಲ ಪ್ರತಿಜೀವಕಗಳ ಮಾರಾಟಕ್ಕೆ ಪ್ರತ್ಯೇಕ ದಾಖಲೆಯನ್ನೂ ವಿಧಿಸಿದೆ. ಆದಾಗ್ಯೂ ಚೀಟಿಯಿಲ್ಲದೆ ಎರಡು ಮೂರು ಗುಳಿಗೆ ಕೊಳ್ಳುವ ರೂಢಿ ನಿಂತಿಲ್ಲ.

ಅಲೆಕ್ಸಾಂಡರನಿಗೆ ಆರನೆಯ ದಿನದ ಔಷಧವು ಲೋಕದಲ್ಲಿಯೇ ಇರಲಿಲ್ಲ. ಇಂದು ಅದು ಮನೆಯ ಗೂಡಿನಲ್ಲಿದ್ದೂ ಬಳಕೆಯಾಗದೆ ಉಳಿಯುತ್ತದೆ. ಈ ವ್ಯತ್ಯಾಸವನ್ನು ತರಗತಿಯಲ್ಲಿ ವಿವರಿಸಿ ಹೇಳುವುದು ವಿಜ್ಞಾನದ ಅಧ್ಯಾಪಕರ ಕರ್ತವ್ಯವೆಂದು ಬಿಡದೆ, ಇತಿಹಾಸದ ಅಧ್ಯಾಪಕರೂ ಅದರಲ್ಲಿ ಪಾಲುಗೊಳ್ಳುವುದು ಉಚಿತವಾಗಿದೆ.