ಡೀಸೆಲ್ ಲಾರಿಯಲ್ಲಿ ಮಸಿ ಕಟ್ಟುವುದು: ಕಾರಣವನ್ನು ಹುಡುಕುವ ಬಗೆ

ದಹನದ ಪಾಠವನ್ನು ಮೇಣದ ಬತ್ತಿಯಿಂದ ಆರಂಭಿಸುವುದು ವಾಡಿಕೆ. ಪೆರಿಯನಾಯಕನಪಾಳ್ಯಂ ಸುತ್ತಿನ ಮಕ್ಕಳಿಗೆ ಅದನ್ನು ಲಾರಿಯವರೆಗೂ ಕೊಂಡೊಯ್ಯಬಹುದು. ಕೊಯಮತ್ತೂರಿನಿಂದ ಮೆಟ್ಟುಪಾಳ್ಯಂ ಕಡೆಗೆ ಹೋಗುವ ಹೆದ್ದಾರಿ ಈ ಊರಿನ ಮೂಲಕವೇ ಹಾದಿದೆ. ನೀಲಗಿರಿಯ ಆಲೂಗಡ್ಡೆ, ಕ್ಯಾರೆಟ್, ಕೋಸುಗಳನ್ನು ಹೊತ್ತ ಲಾರಿಗಳು ಈ ದಾರಿಯಲ್ಲಿ ಇಳಿದು ಬರುತ್ತವೆ. ಲಾರಿ ನಡೆಸುವವರ, ರಿಪೇರಿ ಮಾಡುವವರ ಮಕ್ಕಳು ತರಗತಿಯಲ್ಲಿದ್ದರೆ ಅವರಿಗೆ ಈ ವಿಷಯದ ಅರ್ಧ ಭಾಗ ಆಗಲೇ ತಿಳಿದಿರುತ್ತದೆ. ಕಾರಣವನ್ನು ಕ್ರಮವಾಗಿ ಹೇಳುವ ಮಾತು ಮಾತ್ರ ಅವರಿಗೆ ಒದಗಿರುವುದಿಲ್ಲ. ಅದನ್ನು ಒದಗಿಸುವುದು ಶಿಕ್ಷಕರ ಕೆಲಸ.

ಮೊದಲು ಪದಗಳ ವಿಚಾರ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು, ಷೆಡ್ಡಿನಲ್ಲಿ ಇಂಗ್ಲಿಷ್ ಬೆರೆತ ತಮಿಳು ಕೇಳುವ ಮಗುವಿಗೆ 'ಪುಗೈ' ಮತ್ತು 'ಹೊಗೆ' ಒಂದೇ ಬೇರಿನ ಮಾತುಗಳೆಂದು ತೋರಿಸಿಕೊಡಬೇಕು. ತಮಿಳಿನ ಪಕಾರ ಕನ್ನಡದಲ್ಲಿ ಹಕಾರವಾಗುವುದಕ್ಕೆ ಇದು ಒಳ್ಳೆಯ ನಿದರ್ಶನ. ತಮಿಳಿನಲ್ಲಿ 'ಕರಿ' ಎಂದರೆ ಇದ್ದಿಲು. ಕನ್ನಡದಲ್ಲಿ ಅದು ಬಣ್ಣದ ಹೆಸರು. ಹೊಗೆಯಿಂದ ಕೂರುವ ನುಣುಪಾದ ಕಪ್ಪು ಪುಡಿಗೆ ನಮ್ಮ ಮಾತು 'ಮಸಿ'. ಈ ಲೇಖನದಲ್ಲಿ ಅದನ್ನೇ ಬಳಸಿದೆ. ತಾಯ್ನುಡಿಯಲ್ಲಿ ಶಾಸ್ತ್ರವಿಷಯ ಹೇಳುವುದು ಈ ಊರಿಗೆ ಹೊಸದಲ್ಲ. ಇಲ್ಲಿನ ಶ್ರೀ ರಾಮಕೃಷ್ಣ ಮಿಷನ್ ವಿದ್ಯಾಲಯವನ್ನು ಸ್ಥಾಪಿಸಿದ ಟಿ. ಎಸ್. ಅವಿನಾಶಿಲಿಂಗಂ ಅವರೇ ತಮಿಳು ವಿಶ್ವಕೋಶದ ಕಾರ್ಯಕ್ಕೂ ಮುಂದಾಳಾಗಿದ್ದರು.

ಇನ್ನು ವಿಷಯಕ್ಕೆ ಬರೋಣ. ಡೀಸೆಲ್ ಎಂಜಿನಿನಲ್ಲಿ ಕಿಡಿ ಹಚ್ಚುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾಯುತ್ತದೆ. ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದಾಗ ತಾನಾಗಿಯೇ ಹತ್ತಿಕೊಳ್ಳುತ್ತದೆ. ಎಣ್ಣೆಯ ಹನಿಗಳ ಸುತ್ತ ಎಲ್ಲೆಡೆಯೂ ಆಮ್ಲಜನಕ ಸಮನಾಗಿ ದೊರೆಯುವುದಿಲ್ಲ. ದೊರೆಯದ ಕಡೆ ಇಂಗಾಲ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಚೆನ್ನಾಗಿ ಉರಿದ ಕಡೆಯಲ್ಲಿ ಬೇರೊಂದು ತೊಂದರೆ: ಗಾಳಿಯಲ್ಲಿ ನೂರಕ್ಕೆ 78 ಪಾಲಿರುವ ಸಾರಜನಕ ಸಾಮಾನ್ಯವಾಗಿ ಯಾವುದರ ಗೊಡವೆಗೂ ಹೋಗದು. ಆದರೆ ಉರಿಯ ಉಷ್ಣತೆ 1,500 ಡಿಗ್ರಿ ಸೆಲ್ಸಿಯಸನ್ನು ಬಹಳವಾಗಿ ಮೀರಿದಾಗ ಅದೂ ಆಮ್ಲಜನಕದೊಡನೆ ಕೂಡಿ ಸಾರಜನಕದ ಆಕ್ಸೈಡುಗಳಾಗುತ್ತದೆ. ಇವು ಶ್ವಾಸಕೋಶವನ್ನು ಕೆಣಕುತ್ತವೆ, ಬಿಸಿಲಿನಲ್ಲಿ ಓಜೋನ್ ಉಂಟಾಗಲು ಕಾರಣವಾಗುತ್ತವೆ. ಮಸಿ ಕಣ್ಣಿಗೆ ಕಾಣುತ್ತದೆ. ಇವುಗಳ ಬಹುಪಾಲು ಕಾಣುವುದಿಲ್ಲ.

ಈ ಎರಡನೆಯ ತೊಂದರೆಗೆ ಕಂಡುಕೊಂಡ ಉಪಾಯವೇ ಹೊಗೆಯ ಮರುಪರಿಚಲನೆ. ಷೆಡ್ಡುಗಳಲ್ಲಿ ಇದಕ್ಕೆ ಇ.ಜಿ.ಆರ್. ಎನ್ನುತ್ತಾರೆ. ಎಂಜಿನಿನಿಂದ ಹೊರಟ ಹೊಗೆಯ ಒಂದು ಪಾಲನ್ನು ಕೂಲರಿನಲ್ಲಿ ತಣಿಸಿ, ವಾಲ್ವಿನ ಮೂಲಕ ಅಳತೆ ಮಾಡಿ, ಒಳಗೆ ಹೋಗುವ ಗಾಳಿಗೆ ಬೆರೆಸುತ್ತಾರೆ. ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡು ಮತ್ತು ನೀರಾವಿ ಉರಿಯುವುದಿಲ್ಲ. ಆಮ್ಲಜನಕದ ಜಾಗವನ್ನು ಆಕ್ರಮಿಸಿ ಶಾಖವನ್ನು ಹೀರುತ್ತವೆ. ಉರಿಯ ತುದಿಯ ಉಷ್ಣತೆ ಇಳಿಯುತ್ತದೆ, ಸಾರಜನಕದ ಆಕ್ಸೈಡು ಕಡಿಮೆಯಾಗುತ್ತದೆ. ಆದರೆ ಆಮ್ಲಜನಕ ಕುಗ್ಗಿದುದರಿಂದ ಮಸಿ ಹೆಚ್ಚುತ್ತದೆ. ಒಂದನ್ನು ಅದುಮಿದರೆ ಇನ್ನೊಂದು ಏಳುವ ಈ ಸಂಬಂಧವನ್ನು ವಿದ್ಯಾರ್ಥಿಗಳು ಗ್ರಹಿಸಿದರೆ ಉಳಿದುದೆಲ್ಲ ಸುಲಭ. ಹೊಸೂರಿನಲ್ಲಿ ಕಾರ್ಖಾನೆಯುಳ್ಳ ಅಶೋಕ್ ಲೇಲ್ಯಾಂಡ್ 2017ರಲ್ಲಿ ಬಿ.ಎಸ್.-4 ನಿಯಮ ದೇಶಕ್ಕೆಲ್ಲ ಅನ್ವಯವಾದಾಗ ತನ್ನ ಲಾರಿಗಳಿಗೆ ಈ ಮಾರ್ಗವನ್ನೇ ಹಿಡಿಯಿತು.

ಮರಳಿ ಬಂದ ಮಸಿ ಗಾಳಿಯ ಹಾದಿಯಲ್ಲಿ ಅಂಟುವುದೇಕೆ? ಒಣ ಮಸಿಯಾಗಿದ್ದರೆ ಬಹುಪಾಲು ಗಾಳಿಯೊಡನೆ ಸಾಗಿಹೋಗುತ್ತಿತ್ತು. ಎಂಜಿನಿನ ಅಡಿಭಾಗದಿಂದ ಉಸಿರುಕೊಳವೆಯ ಮೂಲಕ ಬರುವ ಆಯಿಲ್ ಆವಿಯೂ, ಅರೆ ಉರಿದ ಡೀಸೆಲೂ ಅದರೊಡನೆ ಬೆರೆತು ಗಟ್ಟಿ ಲೇಪವಾಗುತ್ತದೆ. ಇದನ್ನು ತರಗತಿಯಲ್ಲೇ ತೋರಿಸಬಹುದು. ಒಂದು ಸ್ಟೀಲ್ ಚಮಚೆಯ ಅರ್ಧಕ್ಕೆ ತೆಂಗಿನೆಣ್ಣೆಯನ್ನು ತೆಳುವಾಗಿ ಸವರಿ, ಬತ್ತಿಯ ಹಳದಿ ಜ್ವಾಲೆಯಲ್ಲಿ ಕ್ಷಣಕಾಲ ಹಿಡಿಯಬೇಕು. ಆರಿದ ಮೇಲೆ ಒಣ ಭಾಗದ ಮಸಿ ಕಾಗದದಿಂದ ಒರೆಸಿದರೆ ಬರುತ್ತದೆ. ಎಣ್ಣೆಯ ಭಾಗದ್ದು ಕಾಡಿಗೆಯಂತೆ ಮೆತ್ತಿಕೊಳ್ಳುತ್ತದೆ. ಜ್ವಾಲೆಯ ಬಳಿ ಹೋಗುವ ಕೆಲಸವನ್ನು ಶಿಕ್ಷಕರೇ ಮಾಡತಕ್ಕದ್ದು.

ಲೇಪ ಬೇಗ ಬೆಳೆಯುವುದು ಎಂಜಿನು ತಣ್ಣಗಿರುವಾಗ. ಮಂಡಿಯ ಮುಂದೆ ಸರಕಿಗಾಗಿ ಕಾಯುತ್ತ ಗಂಟೆಗಟ್ಟಲೆ ಎಂಜಿನು ನಿಲ್ಲಿಸದೆ ಇರುವ ಲಾರಿ ಇದಕ್ಕೆ ಸರಿಯಾದ ಉದಾಹರಣೆ. ಭಾರ ಹೊತ್ತು ಏರುವ ಲಾರಿಯಲ್ಲಿ ಹೊಗೆ ಬಿಸಿಯಾಗಿರುತ್ತದೆ, ವಾಲ್ವು ಬಹುಮಟ್ಟಿಗೆ ಮುಚ್ಚಿಕೊಳ್ಳುತ್ತದೆ. ಆದರೂ ಘಾಟಿಯಲ್ಲಿ ಕಪ್ಪು ಹೊಗೆ ಕಂಡರೆ ಎಲ್ಲರೂ ಮೊದಲು ಇ.ಜಿ.ಆರ್. ಕಡೆಗೇ ಕೈ ತೋರಿಸುವುದುಂಟು. ಇದು ಅವಸರದ ತೀರ್ಮಾನ. ಮೆಟ್ಟುಪಾಳ್ಯಂ ಸಮುದ್ರಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದೆ, ಉದಕಮಂಡಲ ಸುಮಾರು 2,240 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲಿನಷ್ಟೇ. ಟರ್ಬೋ ಇಲ್ಲದ ಹಳೆಯ ಲಾರಿ ಬಯಲಿನಲ್ಲಿ ಕುಡಿದಷ್ಟೇ ಡೀಸೆಲ್ ಅಲ್ಲಿಯೂ ಕುಡಿದರೆ ಕಪ್ಪು ಹೊಗೆ ಬಂದೇ ಬರುತ್ತದೆ.

ಆದುದರಿಂದ ಪರೀಕ್ಷೆಗೆ ಒಂದು ಕ್ರಮ ಬೇಕು, ಮತ್ತು ಅದು ಅಗ್ಗದ ವಸ್ತುವಿನಿಂದ ಆರಂಭವಾಗಬೇಕು. ಗಾಳಿಯ ಫಿಲ್ಟರು ಧೂಳಿನಿಂದ ಮುಚ್ಚಿದೆಯೇ, ಟರ್ಬೋವಿನಿಂದ ಎಂಜಿನಿಗೆ ಹೋಗುವ ರಬ್ಬರ್ ಕೊಳವೆ ಬಿರಿದಿದೆಯೇ, ಇಂಜೆಕ್ಟರು ಎಣ್ಣೆಯನ್ನು ಸಿಂಪಡಿಸುವ ಬದಲು ತೊಟ್ಟಿಕ್ಕಿಸುತ್ತಿದೆಯೇ ಎಂದು ನೋಡಬೇಕು. ಇವು ಸರಿಯಿದ್ದರೆ ಮಾತ್ರ ವಾಲ್ವಿನ ಸರದಿ. ವಾಲ್ವು ತೆರೆದೇ ಸಿಕ್ಕಿಕೊಂಡರೆ ಎಳೆತ ಕುಗ್ಗುತ್ತದೆ, ನಿಂತಲ್ಲಿ ಎಂಜಿನು ನಡುಗುತ್ತದೆ, ಕಪ್ಪು ಹೊಗೆ ಬರುತ್ತದೆ. ಮುಚ್ಚಿಯೇ ಸಿಕ್ಕಿಕೊಂಡರೆ ಚಾಲಕನಿಗೆ ಏನೂ ತಿಳಿಯದಿರಬಹುದು. ಹೊಗೆ ತಿಳಿಯಾಗಿ, ಲಾರಿ ಮೊದಲಿಗಿಂತ ಚೆನ್ನಾಗಿದೆ ಎಂದೇ ಅನಿಸಬಹುದು. ಕಾಣದ ಆಕ್ಸೈಡು ಮಾತ್ರ ಹೆಚ್ಚುತ್ತಿರುತ್ತದೆ. ಆಗ ಉಪಕರಣ ಜೋಡಿಸಿ, ಎಂಜಿನಿನ ಕಂಪ್ಯೂಟರು ಎಷ್ಟು ತೆರೆಯಲು ಹೇಳಿತು, ವಾಲ್ವು ಎಷ್ಟು ತೆರೆಯಿತು ಎಂಬ ಎರಡು ಅಂಕಿಗಳನ್ನು ಹೋಲಿಸಬೇಕು.

ಕೂಲರು ಸೋರುವುದು ಇವೆಲ್ಲಕ್ಕಿಂತ ಅಪಾಯಕರ. ಕೆಳಗೆ ಒಂದು ಹನಿಯೂ ಬೀಳದೆ ಕೂಲೆಂಟ್ ಕಡಿಮೆಯಾಗುತ್ತಿದ್ದರೆ, ಸಿಹಿವಾಸನೆಯ ಬಿಳಿ ಆವಿ ಬರುತ್ತಿದ್ದರೆ ಲಾರಿಯನ್ನು ಓಡಿಸಬಾರದು. ಸಿಲಿಂಡರಿನೊಳಗೆ ನಿಂತ ನೀರನ್ನು ಪಿಸ್ಟನ್ ಅದುಮಲಾರದು. ಕನೆಕ್ಟಿಂಗ್ ರಾಡ್ ಬಾಗುವುದುಂಟು.

ಬಿಚ್ಚಿ ತೊಳೆದ ವಾಲ್ವು ಮತ್ತೆ ಬೇಗನೆ ಕಟ್ಟಿಕೊಂಡರೆ ಮೂಲ ಬೇರೆ ಕಡೆ ಇದೆ: ಸವೆದ ಪಿಸ್ಟನ್ ರಿಂಗು, ಆಯಿಲ್ ಬಿಡುವ ಟರ್ಬೋ, ಸೋರುವ ಇಂಜೆಕ್ಟರು, ಇಲ್ಲವೇ ನಿಂತಲ್ಲೇ ಓಡಿಸುವ ಅಭ್ಯಾಸ. ಇದನ್ನು ಹುಡುಕುವ ಬದಲು ಕೆಲವರು ಹಾದಿಗೆ ತಗಡಿನ ಬಿಲ್ಲೆಯೊಂದನ್ನು ಅಡ್ಡವಿಟ್ಟು ಮುಚ್ಚಿಬಿಡುತ್ತಾರೆ. ದಿನಗೂಲಿಯಂತೆ ದುಡಿಯುವ ಲಾರಿಯ ಮಾಲೀಕನಿಗೆ ಇದು ಆಕರ್ಷಕವಾಗಿ ಕಾಣುವುದನ್ನು ಶಿಕ್ಷಕರು ಹೀಗಳೆಯಬೇಕಾಗಿಲ್ಲ. ಲಾರಿ ನಿಂತ ದಿನ ಸಂಪಾದನೆಯೂ ನಿಲ್ಲುತ್ತದೆ. ಆದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ರಚನೆಯನ್ನು ಹೀಗೆ ಬದಲಾಯಿಸಲು ಬಿಡುವುದಿಲ್ಲ. ಭಾರಿ ಡೀಸೆಲ್ ಎಂಜಿನುಗಳಿಗೆ ಬಿ.ಎಸ್.-4ರಲ್ಲಿ ಕಿಲೋವಾಟ್-ಗಂಟೆಗೆ 3.5 ಗ್ರಾಂ ಇದ್ದ ಸಾರಜನಕದ ಆಕ್ಸೈಡಿನ ಮಿತಿ, 2020ರ ಏಪ್ರಿಲ್ 1ರಿಂದ ಜಾರಿಯಾದ ಬಿ.ಎಸ್.-6ರಲ್ಲಿ 0.5 ಗ್ರಾಮಿಗೂ ಕೆಳಗಿಳಿದಿದೆ. ಈ ಹೊಸ ಲಾರಿಗಳಲ್ಲಿ ಮಸಿಯನ್ನು ಹಿಡಿದು ಸುಡುವ ಫಿಲ್ಟರೂ, ಆಕ್ಸೈಡನ್ನು ಒಡೆಯಲು ಯೂರಿಯಾ ದ್ರಾವಣವೂ ಇರುವುದರಿಂದ, ಒಂದು ಭಾಗವನ್ನು ಮುಚ್ಚಿದರೆ ಉಳಿದವುಗಳ ಲೆಕ್ಕವೂ ತಪ್ಪುತ್ತದೆ.

ತೊಳೆಯುವವರ ಆರೋಗ್ಯದ ಮಾತನ್ನು ಬಿಡಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಒಣ ಮಸಿಯನ್ನು ಗಾಳಿ ಹೊಡೆದು ಹಾರಿಸುವುದು ಸಲ್ಲದು; ಮುಖಗವಸು, ಕೈಗವಸು ಧರಿಸಿ ಒದ್ದೆ ಮಾಡಿ ತೆಗೆಯಬೇಕು. ಓಡುತ್ತಿರುವ ಎಂಜಿನಿನ ಗಾಳಿಯ ಬಾಯಿಗೆ ಉರಿಯುವ ದ್ರಾವಕವನ್ನು ಸಿಂಪಡಿಸುವುದೂ ಸಲ್ಲದು: ಡೀಸೆಲ್ ಎಂಜಿನು ಅದನ್ನೇ ಇಂಧನವಾಗಿಸಿಕೊಂಡು ಹಿಡಿತಕ್ಕೆ ಸಿಗದೆ ಓಡಬಹುದು. ಅಪ್ಪನ ಕೆಲಸದ ಬಟ್ಟೆಯನ್ನು ಬೇರೆಯಾಗಿ ಒಗೆಯುವುದು ಏಕೆ ಒಳ್ಳೆಯದೆಂದು ಕೇಳಿದರೆ ಮಕ್ಕಳೇ ಉತ್ತರ ಹೇಳುವರು.

ಮೌಲ್ಯಮಾಪನಕ್ಕೆ ವ್ಯಾಖ್ಯೆಗಳನ್ನು ಬರೆಸುವುದಕ್ಕಿಂತ ಇಂತಹ ಪ್ರಶ್ನೆ ಲೇಸು: 'ಒಂದು ಲಾರಿಯ ಹೊಗೆ ಕಳೆದ ತಿಂಗಳಿಗಿಂತ ತಿಳಿಯಾಗಿದೆ. ಲಾರಿ ಸರಿಹೋಯಿತೆಂದು ಚಾಲಕರು ಹೇಳುತ್ತಾರೆ. ಅವರ ಮಾತನ್ನು ಒಪ್ಪುವ ಮೊದಲು ನೀವು ಏನನ್ನು ಪರೀಕ್ಷಿಸುವಿರಿ? ಏಕೆ?' ಉತ್ತರವನ್ನು ಮಗು ಮೊದಲು ತಮಿಳಿನಲ್ಲಿ ಹೇಳಿದರೂ ಸ್ವೀಕರಿಸಿ, ಅನಂತರ ಕನ್ನಡದಲ್ಲಿ ಬರೆಸಬೇಕು.